ಕ್ಯಾಲ್ಕುಲಸ್ ಒಂದೋ, ಎರಡೋ?

ಆಗಸ್ಟ್ ತಿಂಗಳ ದೋಹಾದಲ್ಲಿ, ಎಸಿ ಕೆಟ್ಟ ಕೋಣೆಯೊಳಗೆ ಬೆಳಗಿನಿಂದ ಕುಳಿತವಳ ಬುದ್ಧಿ ನೆಟ್ಟಗಿರಬೇಕು ಎಂದರೆ ಅದು ಅನ್ಯಾಯ. ರಶ್ಮಿತಾ ಅಂದು ಮಾಡಿದ ತಪ್ಪಿಗೆ ಇದಕ್ಕಿಂತ ದೊಡ್ಡ ಸಮಜಾಯಿಷಿ ನನ್ನಲ್ಲಿಲ್ಲ.

ಎಜುಕೇಶನ್ ಸಿಟಿಯ ಒಂದು ಅಮೆರಿಕನ್ ಯೂನಿವರ್ಸಿಟಿಯಲ್ಲಿ ಅವಳು ಗಣಿತ ವಿಭಾಗದ ಟೀಚಿಂಗ್ ಅಸಿಸ್ಟೆಂಟ್. ಹೊಸದಾಗಿ ಸೇರುವವರು ಮೊದಲ ಸೆಮಿಸ್ಟರಿಗೆ ಯಾವ ಮ್ಯಾಥ್ಸ್ ಕೋರ್ಸ್ ತೆಗೆದುಕೊಳ್ಳಬೇಕೆಂದು ಹೇಳುವುದು ಆ ದಿನಗಳಲ್ಲಿ ಅವಳ ಕೆಲಸ. ಹೈಸ್ಕೂಲಿನಲ್ಲೇ ಎಪಿ ಪರೀಕ್ಷೆ ಬರೆದು ಒಳ್ಳೆಯ ಸ್ಕೋರ್ ತಂದವರಿಗೆ ಕಾಲೇಜಿನಲ್ಲಿ ಕ್ಯಾಲ್ಕುಲಸ್ ಒಂದರ ಕ್ರೆಡಿಟ್ ಮೊದಲೇ ಸಿಕ್ಕಿಬಿಡುತ್ತದೆ. ನೇರವಾಗಿ ಎರಡಕ್ಕೆ ಹಾರಬಹುದು. ಹಾರಬಹುದು ಸರಿ, ಆದರೆ ಹಾರಬೇಕಾ, ಹಾರಿದರೆ ಕಾಲು ಉಳಿಯುತ್ತದಾ ಎಂಬುದೇ ಪ್ರತಿವರ್ಷದ ರಾಮಾಯಣ.

ಆ ಮಧ್ಯಾಹ್ನ ಬಾಗಿಲು ತಟ್ಟಿದವನ ಟೀ ಶರ್ಟಿನ ಮೇಲೆ ಯಾವುದೋ ಎಸಿ ಕಂಪನಿಯ ಹೆಸರಿತ್ತು. ಶೂಗಳ ತುಂಬ ಸೈಟಿನ ಧೂಳು. ರಶ್ಮಿತಾಳಿಗೆ ಹೋದ ಜೀವ ಬಂದಂತಾಯಿತು.

"ಆಯಿಯೇ ಭಯ್ಯಾ, ಯೇ ವಾಲಾ!" ಎಂದು ಅವಳು ಮೇಲಿನ ಜಾಲರಿಯನ್ನು ತೋರಿಸಿದಳು.

ಅವನು ಜಾಲರಿಯನ್ನು ನೋಡಿದ, ಅವಳನ್ನು ನೋಡಿದ. ಏನೋ ಹೇಳಲು ಬಾಯಿ ತೆರೆದವನು ಮನಸ್ಸು ಬದಲಿಸಿ, "ಜೀ" ಎಂದು ಕುರ್ಚಿ ಎಳೆದುಕೊಂಡು ಹತ್ತಿ ನಿಂತ. ಅಷ್ಟರಲ್ಲಿ ಅವಳ ಅಮ್ಮ ಚೂಡಾಮಣಿಯ ಫೋನು.

"ಇಲ್ಲಮ್ಮ, ಊಟ ಇನ್ನೂ ಆಗಿಲ್ಲ. ಎಸಿಯವನು ಈಗ ಬಂದ," ರಶ್ಮಿತಾ ಧೈರ್ಯವಾಗಿ ಮೈಸೂರು ಕನ್ನಡಕ್ಕೆ ಹೊರಳಿದಳು. ದೋಹಾದಲ್ಲಿ ನಮ್ಮವರಿಗೆಲ್ಲ ಇರುವ ಧೈರ್ಯವೇ ಇದು. ಹಿಂದಿಯಲ್ಲಿ ಮಾತಾಡಿದವರಿಗೆ ಕನ್ನಡ ಬರುವುದಿಲ್ಲವೆಂದೇ ನಂಬುತ್ತೇವೆ. "ಅಮ್ಮ, ರಿಪೇರಿಗೆ ಇಷ್ಟು ಚೆನ್ನಾಗಿರೋ ಹುಡುಗನ್ನ ಯಾರಾದ್ರೂ ಕಳಿಸ್ತಾರಾ? ಮದುವೆಗೆ ಗಂಡು ತೋರಿಸೋಕೆ ಕಳಿಸಿದ ಹಾಗಿದೆ. ಕೆಲಸ ಬರುತ್ತೋ ಇಲ್ವೋ, ದೇವರೇ ಬಲ್ಲ."

"ಕೆಲಸ ಬರ್ತದೆ ಮೇಡಂ," ಕುರ್ಚಿಯ ಮೇಲಿಂದ ದನಿ ಬಂತು. ಅವನು ತಿರುಗಿಯೂ ನೋಡಲಿಲ್ಲ. "ಆದ್ರೆ ಇದು ಸೆಂಟ್ರಲ್ ಎಸಿ. ಇಲ್ಲಿಂದ ಎಂಥ ಮಾಡ್ಲಿಕ್ಕೂ ಆಗುದಿಲ್ಲ. ನಾನು ಬಂದದ್ದು ಮ್ಯಾಥ್ಸ್ ಕೇಳ್ಲಿಕ್ಕೆ."

ರಶ್ಮಿತಾ ನಾಲಿಗೆ ಕಚ್ಚಿಕೊಂಡಳು. ಫೋನಿನಲ್ಲಿ ಅಮ್ಮ, "ಯಾರೇ ಅದು? ದನಿ ಚೆನ್ನಾಗಿದೆ," ಎನ್ನುತ್ತಿದ್ದರು. ಅವಳು ಫೋನನ್ನು ಆರಿಸಿ ಡ್ರಾಯರಿಗೆ ಹಾಕಿ, ಡ್ರಾಯರನ್ನೂ ಮುಚ್ಚಿದಳು.

"ಸಾರಿ. ನಾನು... ನಿಮ್ಮ ಟೀ ಶರ್ಟು..."

"ತಪ್ಪು ನಿಮ್ದಲ್ಲ. ಲುಸೈಲ್ ಸೈಟಿಂದ ಸೀದಾ ಬಂದೆ, ಬಟ್ಟೆ ಬದಲಾಯಿಸ್ಲಿಕ್ಕೆ ಟೈಮ್ ಸಿಗ್ಲಿಲ್ಲ." ಅವನು ಇಳಿದು, ಅದೇ ಕುರ್ಚಿಯನ್ನು ಕೈಯಿಂದ ಒರೆಸಿ ಎದುರಿಗೆ ಕುಳಿತ. ನಗು ತಡೆಯಲು ಕೆಳತುಟಿಯನ್ನು ಒಳಗೆಳೆದುಕೊಂಡಿದ್ದ. ಕಣ್ಣು ಮಾತ್ರ ಅವನ ಮಾತು ಕೇಳುತ್ತಿರಲಿಲ್ಲ. "ನಾನು ರಿತೇಶ್. ಮತ್ತೆ ಆ ಗಂಡು ತೋರಿಸೋ ವಿಷಯ ನಾನು ಕೇಳ್ಲಿಲ್ಲ ಅಂತ ಇಟ್ಕೊಳ್ಳಿ."

"ಥ್ಯಾಂಕ್ಸ್," ಎಂದಳು ರಶ್ಮಿತಾ, ಮೇಜಿನ ಮೇಲಿದ್ದ ಕಾಗದಗಳನ್ನೇ ನೋಡುತ್ತ.

ರಿತೇಶನ ಕಥೆ ಹೀಗಿತ್ತು. ಊರು ಉಡುಪಿ, ಮನೆಯಲ್ಲಿ ತುಳು, ಬೆಳೆದದ್ದೆಲ್ಲ ದೋಹಾದಲ್ಲಿ. ಶಾಲೆಯಲ್ಲಿ ಎಪಿ ಕ್ಯಾಲ್ಕುಲಸ್‌ನಲ್ಲಿ ಐದಕ್ಕೆ ಐದು ಬಂದ ವರ್ಷವೇ ಅಪ್ಪನ ಎದೆಗೆ ಆಪರೇಶನ್ ಆಯಿತು. ಇಂಡಸ್ಟ್ರಿಯಲ್ ಏರಿಯಾದಲ್ಲಿದ್ದ ಅವರ ಎಸಿ ವರ್ಕ್‌ಶಾಪಿಗೆ ಹದಿನೆಂಟರ ಹುಡುಗನೇ ಯಜಮಾನನಾದ. ಈಗ ಅಪ್ಪ ಹುಷಾರು, ವರ್ಕ್‌ಶಾಪನ್ನು ಭಾವ ನೋಡಿಕೊಳ್ಳುತ್ತಾನೆ. ಇಪ್ಪತ್ತೈದನೆಯ ವಯಸ್ಸಿನಲ್ಲಿ ಇವನಿಗೆ ಇಂಜಿನಿಯರಿಂಗ್ ಸೀಟು ಸಿಕ್ಕಿದೆ, ಅದೂ ಷರತ್ತಿನ ಮೇಲೆ. ಮೊದಲ ಮ್ಯಾಥ್ಸ್ ಕೋರ್ಸಿನಲ್ಲಿ ಕನಿಷ್ಠ ಸಿ ಗ್ರೇಡ್ ಬಾರದಿದ್ದರೆ ಸೀಟು ಹೋಗುತ್ತದೆ.

"ನನ್ನ ಎಪಿ ಕ್ರೆಡಿಟ್ ಈಗಲೂ ನಡೀತದಂತೆ," ಎಂದ. "ಕ್ರೆಡಿಟ್ ನಡೀತದೆ, ತಲೆ ನಡೀತದಾ ಅಂತ ನೀವು ಹೇಳ್ಬೇಕು. ಎರಡು ತಗೊಂಡು ಫೇಲಾದ್ರೆ ಸೀದಾ ವರ್ಕ್‌ಶಾಪಿಗೆ. ಒಂದು ತಗೊಂಡ್ರೆ ಕ್ರೆಡಿಟೂ ಹೋಯ್ತು, ಫಿಸಿಕ್ಸೂ ಮುಂದಕ್ಕೆ ಹೋಗಿ ಒಂದು ವರ್ಷ ಲೇಟು. ಈಗ್ಲೇ ನಾನು ಕ್ಲಾಸಿಗೆಲ್ಲ ಅಜ್ಜ. ಎಂಥ ಮಾಡುದು?"

ರಶ್ಮಿತಾ ಒಂದಿಷ್ಟು ಲೆಕ್ಕ ಕೊಟ್ಟಳು. ಅವನು ಹುಬ್ಬು ಉಜ್ಜಿಕೊಳ್ಳುತ್ತ ಮಾಡಿದ. ಡಿಫರೆನ್ಸಿಯೇಶನ್ ಸಲೀಸಾಗಿ ಬಂತು. ಇಂಟಿಗ್ರೇಶನ್ ಎಡವುತ್ತ ಬಂತು. ಟ್ರಿಗನಾಮೆಟ್ರಿ ಬಂದ ಕೂಡಲೇ ಪೆನ್ಸಿಲ್ ಕೆಳಗಿಟ್ಟು ಕೈಮುಗಿದ. "ಇದು ಮಾಫಿ, ಇಲ್ವೇ ಇಲ್ಲ. ಪೂರಾ ಮರ್ತು ಹೋಗಿದೆ."

"ಅಷ್ಟು ಬೇಗ ಕೈಯೆತ್ತಬೇಡಿ. ಕ್ಲಾಸ್ ಶುರುವಾಗೋಕೆ ಇನ್ನೂ ಟೈಮಿದೆ. ದಿನಾ ಸಾಯಂಕಾಲ ಬಂದು ಪ್ರಾಕ್ಟೀಸ್ ಮಾಡಿ, ಆಮೇಲೆ ತೀರ್ಮಾನ ಮಾಡೋಣ."

"ದಿನಾ?"

"ದಿನಾ."

"ಆಗ್ಬಹುದು," ಎಂದ ರಿತೇಶ್, ತೀರಾ ಗಂಭೀರವಾಗಿ. ಅಷ್ಟೊಂದು ಗಂಭೀರವಾಗಿ ಒಪ್ಪಿಕೊಳ್ಳುವಂಥದ್ದು ಅದರಲ್ಲೇನೂ ಇರಲಿಲ್ಲ.

*

ಅವನು ದಿನಾ ಬಂದ. ಎರಡನೆಯ ದಿನ ಇಸ್ತ್ರಿ ಮಾಡಿದ ನೀಲಿ ಶರ್ಟು ಹಾಕಿಕೊಂಡು, ಕೈಯಲ್ಲಿ ಎರಡು ಲೋಟ ಕರಕ್, ದೋಹಾದ ಕಡುಸಿಹಿ ಗಟ್ಟಿ ಚಹಾ, ಹಿಡಿದು ಬಂದ. ರಶ್ಮಿತಾ ಅರ್ಧ ಕುಡಿದು ಬಿಟ್ಟಳು. ಮರುದಿನ ಲೋಟ ಇಡುವಾಗ, "ಸಕ್ಕರೆ ಕಮ್ಮಿ ಹಾಕ್ಲಿಕ್ಕೆ ಹೇಳಿದ್ದೇನೆ," ಎಂದ.

"ನಾನು ಹೇಳೇ ಇಲ್ವಲ್ಲ?"

"ನಿನ್ನೆ ಪ್ರತಿ ಗುಟುಕಿಗೂ ಮುಖ ಹೀಗೆ ಮಾಡ್ತಾ ಇದ್ರಿ." ಅವನು ಮೂಗು ಸುಕ್ಕಿಸಿ ತೋರಿಸಿದ. ಅವಳು ನಕ್ಕುಬಿಟ್ಟಳು. ತನ್ನ ಮೂಗನ್ನು ಒಬ್ಬರು ಅಷ್ಟು ಗಮನವಿಟ್ಟು ನೋಡಿದ್ದಾರೆ ಎಂಬ ಯೋಚನೆ ಮನೆಗೆ ಹೋಗುವವರೆಗೂ ಅವಳನ್ನು ಬಿಡಲಿಲ್ಲ.

ಇಬ್ಬರ ಕನ್ನಡವೂ ಒಂದಕ್ಕೊಂದು ಡಿಕ್ಕಿ ಹೊಡೆಯುತ್ತಿತ್ತು.

"ಏನ್ರೀ ಇದು, ಅರ್ಧ ಲೆಕ್ಕ ಬಿಟ್ಟಿದೀರಾ?"

"ಉಂಟಲ್ಲ, ಹಿಂದೆ ಉಂಟು. ಪುಟ ಮಗುಚಿ ಮಾರಾಯ್ರೆ."

"ಮಗುಚೋಕೆ ಇದೇನು ದೋಸೇನಾ?"

"ನೀವು ಬೈದ್ರೂ ರೇಡಿಯೋದಲ್ಲಿ ವಾರ್ತೆ ಓದಿದ ಹಾಗೆ ಕೇಳ್ತದೆ. ಇನ್ನೊಂಚೂರು ಬೈಯಿರಿ."

ಅವಳು ಬೈಯಲಿಲ್ಲ. ಕೆಂಪು ಪೆನ್ನು ಹಿಡಿದು ತಿದ್ದಲು ಕೂತಳು. ತಿದ್ದುತ್ತ ತಲೆಯೆತ್ತಿದರೆ ಅವನ ಕಣ್ಣು ಪೇಪರಿನ ಮೇಲಿರಲಿಲ್ಲ.

"ಉತ್ತರ ಪೇಪರಲ್ಲಿದೆ, ನನ್ನ ಮುಖದಲ್ಲಿಲ್ಲ."

"ಗೊತ್ತುಂಟು. ಪೇಪರ್ ನೋಡಿ ಆಯ್ತು."

ಎಂಥ ಉತ್ತರ ನೋಡಿ! ರಶ್ಮಿತಾಳ ಕೆಂಪು ಪೆನ್ನು ಸರಿಯಾಗಿದ್ದ ಲೆಕ್ಕದ ಮೇಲೂ ಒಂದು ಗೀಟು ಎಳೆಯಿತು. ಅವಳ ಕಿವಿಯವರೆಗೂ ಬಿಸಿಯೇರಿತು, ಎಸಿ ರಿಪೇರಿಯಾಗಿ ಎರಡು ದಿನವಾಗಿದ್ದರೂ.

ಟ್ರಿಗನಾಮೆಟ್ರಿ ಮೆಲ್ಲಮೆಲ್ಲಗೆ ವಾಪಸು ಬಂತು. ಬುಧವಾರದ ಹೊತ್ತಿಗೆ ಅವನು ಕಷ್ಟದ ಇಂಟಿಗ್ರೇಶನ್ ಒಂದನ್ನು ಯಾರ ಸಹಾಯವೂ ಇಲ್ಲದೆ ಬಿಡಿಸಿ, ಪುಟ ಅವಳತ್ತ ತಳ್ಳಿ, ಉಸಿರು ಬಿಗಿಹಿಡಿದು ಕಾದ. ಅವಳು ಸರಿ ಗುರುತು ಹಾಕಿದಾಗ ಮೇಜು ಗುದ್ದಿ "ಯಲ್ಲಾ!" ಎಂದು ಅರಬ್ಬಿಯಲ್ಲಿ ಕೂಗಿದ. ಪಕ್ಕದ ಕೋಣೆಯಿಂದ ಯಾರೋ ಇಣುಕಿ ನೋಡಿದರು.

"ಪರವಾಗಿಲ್ಲ ಕಣ್ರೀ, ಹೀಗೇ ಆದ್ರೆ ಎರಡೇ ತಗೋಬಹುದು," ಎಂದಳು ರಶ್ಮಿತಾ. ಅವನಿಗಿಂತ ಹೆಚ್ಚು ಖುಷಿ ಅವಳಿಗೇ ಆಗಿತ್ತು.

*

ಗುರುವಾರ ವಿಭಾಗದ ಮೀಟಿಂಗು. ಕೋರ್ಸುಗಳ ಉಸ್ತುವಾರಿ ಕೆನೆತ್ ಸರ್ ಅವರದು. ಮಂಗಳೂರಿನ ಕಂಕನಾಡಿಯವರು, ದೊಡ್ಡ ಹೊಟ್ಟೆ, ಅದಕ್ಕೆ ತಕ್ಕ ದೊಡ್ಡ ನಗು. ಎಲ್ಲರಿಗೂ ಕೆಲಸ ಹಂಚಿ ಹೇಳಿದರು, "ರಶ್ಮಿತಾ, ಈ ಸಲ ಕ್ಯಾಲ್ಕುಲಸ್ ಒಂದರ ಎಲ್ಲ ಸೆಕ್ಷನ್ನಿನ ಟ್ಯುಟೋರಿಯಲ್, ಪೇಪರ್ ತಿದ್ದುದು, ಎಲ್ಲ ನೀವೇ."

ಆಮೇಲೆ ಪ್ರತಿವರ್ಷ ಹೇಳುವ ನಿಯಮವನ್ನು ಹೇಳಿದರು. ತಾನು ಮಾರ್ಕ್ಸ್ ಹಾಕುವ ವಿದ್ಯಾರ್ಥಿಯ ಜೊತೆ ಟೀಚಿಂಗ್ ಅಸಿಸ್ಟೆಂಟ್ ಯಾವ ಖಾಸಗಿ ಸಂಬಂಧವನ್ನೂ ಇಟ್ಟುಕೊಳ್ಳುವಂತಿಲ್ಲ. ಚಹಾ, ಸಿನಿಮಾ, ಸುತ್ತಾಟ, ಯಾವುದೂ ಇಲ್ಲ. ಉಳಿದವರು ಆಕಳಿಸಿದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ರಶ್ಮಿತಾ ಒಬ್ಬಳೇ ನೆಟ್ಟಗೆ ಕೂತಳು.

ಹಾಗಾದರೆ ರಿತೇಶ್ ಕ್ಯಾಲ್ಕುಲಸ್ ಒಂದು ತೆಗೆದುಕೊಂಡರೆ ಅವನು ತನ್ನ ವಿದ್ಯಾರ್ಥಿ. ಮುಗಿಯಿತು. ಎರಡು ತೆಗೆದುಕೊಂಡರೆ...

ಅಯ್ಯೋ, ಎರಡು ತಗೋಬಹುದು ಅಂತ ನಿನ್ನೆ ನಾನು ಹೇಳಿದ್ದು ಅವನ ಲೆಕ್ಕ ನೋಡಿಯಾ? ಅಥವಾ ನನಗೆ ಅವನು ಬೇಕು ಅಂತಲಾ? ಅವಳಿಗೆ ಅವನು ಬೇಕಾಗಿದ್ದ. ಅದರಲ್ಲಿ ಇನ್ನು ಅನುಮಾನ ಉಳಿದಿರಲಿಲ್ಲ. ಸಂಜೆಯಾದರೆ ಕಾರಿಡಾರಿನಲ್ಲಿ ಅವನ ಹೆಜ್ಜೆಗೆ ಕಿವಿಗೊಟ್ಟು ಕೂರುತ್ತಿದ್ದಳು. ಆದರೆ ತನ್ನ ಆಸೆಗೆ ಅವನನ್ನು ಕಷ್ಟದ ಕೋರ್ಸಿಗೆ ತಳ್ಳಿ, ಅವನು ಫೇಲಾಗಿ ಸೀಟು ಹೋದರೆ? ಆ ಪಾಪ ಯಾರ ತಲೆಗೆ?

ರಶ್ಮಿತಾ ಚಿಕ್ಕಂದಿನಿಂದಲೂ ಹೀಗೇ. ತಂಗಿಯ ಜೊತೆ ಮಿಠಾಯಿ ಹಂಚಿಕೊಳ್ಳುವಾಗ ದೊಡ್ಡ ತುಂಡು ತನಗೆ ಬಂದೀತೆಂದು ಹೆದರಿ, ಎರಡೂ ತುಂಡನ್ನು ತಂಗಿಗೇ ಕೊಟ್ಟು ಅಳುತ್ತ ಕೂರುವ ಜಾತಿ. ಅಂದು ಸಂಜೆಯೂ ಅದನ್ನೇ ಮಾಡಿದಳು.

"ಯೋಚನೆ ಮಾಡಿದೆ. ನೀವು ಒಂದೇ ತಗೊಳ್ಳಿ," ಎಂದಳು, ಅವನ ಮುಖ ನೋಡದೆ.

ರಿತೇಶನ ಕೈಯಲ್ಲಿದ್ದ ಚಹಾ ಲೋಟ ಅಲ್ಲೇ ನಿಂತಿತು. "ನಿನ್ನೆ ನೀವೇ ಹೇಳಿದ್ರಲ್ಲ, ಎರಡಾಗ್ತದೆ ಅಂತ?"

"ಹೇಳಿದ್ದೆ. ರಿಸ್ಕ್ ಯಾಕೆ?"

"ಒಂದು ವರ್ಷ ಹೋಗ್ತದೆ ಮೇಡಂ." ದನಿಯಲ್ಲಿ ತಮಾಷೆ ಇರಲಿಲ್ಲ. "ನನ್ನಿಂದ ಆಗುದಿಲ್ಲ ಅಂತ ನಿಮಗೆ ಅನಿಸಿತಾ?"

ಹಾಗಲ್ಲ ಎಂದು ಕೂಗಿಬಿಡಬೇಕೆನಿಸಿತು ಅವಳಿಗೆ. ಬದಲಿಗೆ ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡಿದಳು.

ಅವನು ಚಹಾ ಲೋಟವನ್ನು ಮೇಜಿನ ಮೇಲಿಟ್ಟು ಕೇಳಿದ, "ಒಂದಕ್ಕೆ ಟ್ಯುಟೋರಿಯಲ್ ಯಾರದ್ದು?"

"ನಂದೇ."

"ಓ." ಅವನ ಮುಖ ನಿಧಾನವಾಗಿ ತಿಳಿಯಾಯಿತು. "ಹಾಗಾದ್ರೆ ಖಲಾಸ್. ಒಂದೇ ಇರ್ಲಿ."

ಅವನು ಹಗುರಾಗಿ ಎದ್ದು ಹೋದ. ರಶ್ಮಿತಾ ಮಾತ್ರ ಅವನು ಬಿಟ್ಟುಹೋದ ಚಹಾ ನೋಡುತ್ತ ಕೂತಳು.

*

ಶುಕ್ರವಾರ ರಜೆ. ದೋಹಾದ ಅಲ್ ಸದ್ದ್ ಬಡಾವಣೆಯ ಮನೆಯಲ್ಲಿ ಚೂಡಾಮಣಿ ಒತ್ತು ಶಾವಿಗೆ ಮಾಡುತ್ತಿದ್ದರು. ಶಾವಿಗೆ ಒರಳಿನ ಹಿಡಿ ತಿರುಗಿಸುವ ಕೆಲಸ ಯಾವತ್ತೂ ಮಗಳದು. ಅವಳು ಎರಡು ಸುತ್ತು ತಿರುಗಿಸಿ ನಿಂತುಬಿಟ್ಟಳು.

"ಏನಾಯ್ತೇ? ಶಾವಿಗೆ ಅರ್ಧಕ್ಕೆ ನೇತಾಡ್ತಿದೆ."

ಅಮ್ಮ ಕೇಳಿದ್ದೇ ತಡ, ಎಲ್ಲ ಹೊರಗೆ ಬಂತು. ಎಸಿಯವನು, ಕರಕ್, ನಿಯಮ, ಒಂದು, ಎರಡು. ಹಾಲಿನಲ್ಲಿ ಪೇಪರ್ ಓದುತ್ತಿದ್ದ ಅಪ್ಪ ಗೋಪಿನಾಥ್ ಪುಟ ತಿರುಗಿಸುವುದನ್ನೂ ನಿಲ್ಲಿಸಿ ಕೇಳಿಸಿಕೊಂಡರು.

ಚೂಡಾಮಣಿ ಸೆರಗಿನಲ್ಲಿ ಕೈ ಒರೆಸಿಕೊಂಡರು. "ಅವನ ಲೆಕ್ಕ ಹೇಗಿತ್ತು? ನಿಜ ಹೇಳು."

"ಚೆನ್ನಾಗೇ ಇತ್ತು ಅನ್ಸುತ್ತೆ. ಆದ್ರೆ ನನ್ನ ಮೇಲೆ ನನಗೇ ನಂಬಿಕೆ ಇಲ್ಲಮ್ಮ."

"ಅದಕ್ಕೆ ಆ ಹುಡುಗನ ಒಂದು ವರ್ಷ ತೆಗೆದುಬಿಟ್ಯಾ? ಪಾಪದ ಭಯಕ್ಕೆ ಇನ್ನೊಂದು ಪಾಪ ಮಾಡಿದ ಹಾಗಾಯ್ತು. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಕಣೇ. ನಿನ್ನ ಕಣ್ಣು ಸರಿಯಿಲ್ಲ ಅಂತ ಗೊತ್ತಾದ್ಮೇಲೆ ಬಣ್ಣ ಹೇಳೋಕೆ ನೀನ್ಯಾಕೆ ಹೋಗ್ತೀಯಾ? ಕಣ್ಣು ಸರಿಯಿರೋ ಇನ್ನೊಬ್ಬರನ್ನ ಕರಿ."

"ಕಾರಣ ಕೇಳಿದ್ರೆ ಏನು ಹೇಳ್ಲಿ?"

"ಇದ್ದದ್ದು ಹೇಳು. ಕಳ್ಳತನ ಮಾಡಿದೀಯಾ?"

ಹಾಲಿನಿಂದ ಗೋಪಿನಾಥ್ ಕೆಮ್ಮಿದರು. "ಹುಡುಗ ಶಾವಿಗೆ ತಿಂತಾನಾ?"

"ಅಪ್ಪಾ!" ಎಂದಳು ರಶ್ಮಿತಾ. ಒರಳು ಮತ್ತೆ ತಿರುಗಿತು.

*

ಭಾನುವಾರ ಬೆಳಿಗ್ಗೆ ಅವಳು ಕೆನೆತ್ ಸರ್ ಎದುರು ನಿಂತು, ಬಾಯಿಪಾಠ ಮಾಡಿಕೊಂಡು ಬಂದದ್ದನ್ನೆಲ್ಲ ಮರೆತು, ಒಂದೇ ಉಸಿರಿಗೆ ಹೇಳಿದಳು. "ಸರ್, ರಿತೇಶ್ ಅಂತ ಒಬ್ಬರಿದಾರೆ. ಅವರಿಗೆ ಯಾವ ಕೋರ್ಸ್ ಅಂತ ನೀವು ನೋಡಿ ಹೇಳ್ಬೇಕು. ನಾನು ಹೇಳಿದ್ದು ಸರಿಯಿಲ್ಲ. ಅವರ ವಿಷಯದಲ್ಲಿ ನನಗೆ ನ್ಯಾಯವಾಗಿ ಹೇಳೋಕೆ ಆಗ್ತಿಲ್ಲ."

"ಎಂಥಕ್ಕೆ? ಜಗಳವಾ?"

"ಜಗಳ ಅಲ್ಲ ಸರ್."

ಕೆನೆತ್ ಸರ್ ಅವಳ ಮುಖ ನೋಡಿದರು. ಕನ್ನಡಕ ತೆಗೆದು ಇನ್ನೊಮ್ಮೆ ನೋಡಿದರು. ಹೊಟ್ಟೆ ಕುಲುಕಿಸಿ ನಗಲು ಶುರುಮಾಡಿದವರು, ಅವಳ ಕಣ್ಣಂಚು ಒದ್ದೆಯಾಗಿದ್ದನ್ನು ಕಂಡು ಗಪ್ಪನೆ ನಿಲ್ಲಿಸಿದರು. "ಬಂದು ಹೇಳಿದ್ದು ಒಳ್ಳೇದಾಯ್ತು ಮಾರಾಯ್ತಿ. ಕಳಿಸಿ ಅವನನ್ನು. ಹೊಸ ಪೇಪರ್ ನಾನೇ ಕೊಡ್ತೇನೆ."

ರಿತೇಶ್ ಒಳಗೆ ಕೂತು ಬರೆದ. ಅವಳು ಹೊರಗೆ ಕಾರಿಡಾರಿನಲ್ಲಿ ಅತ್ತಿಂದಿತ್ತ ನಡೆದಳು, ಕಿಟಕಿಯಾಚೆ ಟ್ರ್ಯಾಮ್ ಹೋದದ್ದನ್ನು ನೋಡಿದಳು, ವಾಪಸು ಬಂದದ್ದನ್ನೂ ನೋಡಿದಳು. ತಾನು ಬರೆದ ಯಾವ ಪರೀಕ್ಷೆಗೂ ಅವಳು ಇಷ್ಟು ಹೆದರಿರಲಿಲ್ಲ.

ಕೊನೆಗೆ ಬಾಗಿಲು ತೆರೆದು ಕೆನೆತ್ ಸರ್ ಹೊರಬಂದರು. "ಇವನನ್ನು ಒಂದಕ್ಕೆ ಹಾಕುದಾ? ಮಂಡೆ ಸಮ ಉಂಟಾ ನಿಮಗೆ? ಪೇಪರ್ ಚಂದ ಮಾಡಿದ್ದಾನೆ, ಎರಡು ಆರಾಮಾಗಿ ಆಗ್ತದೆ. ಆದ್ರೆ ಅವನು ಒಪ್ಪುದಿಲ್ಲ, ಒಂದೇ ಬೇಕಂತೆ. ನೀವೇ ಮಾತಾಡಿ. ನಾನು ಕಾಫಿಗೆ ಹೋದೆ."

ಅವರು ಹೋದ ರಭಸ ನೋಡಿದರೆ ಕಾಫಿ ಎಲ್ಲಿಗೋ ಓಡಿಹೋಗುತ್ತಿದೆ ಎನ್ನಬೇಕು.

ರಶ್ಮಿತಾ ಒಳಗೆ ಬಂದಳು. ರಿತೇಶ್ ಮೊಬೈಲಿನಲ್ಲಿ ರಿಜಿಸ್ಟ್ರೇಶನ್ ಪುಟ ತೆರೆದಿಟ್ಟುಕೊಂಡು ಕೂತಿದ್ದ.

"ಯಾಕ್ರೀ ಹಟ? ಎರಡು ಆಗುತ್ತೆ ಅಂತ ಸರ್ ಹೇಳಿದ್ರಲ್ಲ. ನಾನು ಅವತ್ತು ಹೇಳಿದ್ದು ತಪ್ಪು, ಪೂರ್ತಿ ತಪ್ಪು. ನಿಮ್ಮಿಂದ ಆಗಲ್ಲ ಅಂತ ನನಗೆ ಯಾವತ್ತೂ ಅನ್ನಿಸಿಲ್ಲ."

"ಗೊತ್ತಾಯ್ತು. ಆದ್ರೂ ನಂಗೆ ಒಂದೇ ಇರ್ಲಿ."

"ಒಂದು ವರ್ಷ ಹೋಗುತ್ತೆ!"

"ಹೋಗ್ಲಿ. ಏಳು ವರ್ಷ ಹೋದವನಿಗೆ ಎಂಟನೇದು ಲೆಕ್ಕವಾ?" ಅವನು ಮೊದಲ ಬಾರಿಗೆ ಕಣ್ಣು ತಪ್ಪಿಸಿದ. ಹುಬ್ಬು ಉಜ್ಜಿಕೊಂಡ. "ಎರಡರ ಕ್ಲಾಸಲ್ಲಿ ನೀವಿಲ್ಲ. ಒಂದರಲ್ಲಿ ವಾರಕ್ಕೆ ಮೂರು ಸಲ ನೀವು ಕಾಣ್ತೀರಿ. ಬೋರ್ಡಿನ ಹತ್ರ ನಿಂತು ಏನ್ರೀ ಅಂತ ಬೈತೀರಿ. ನಂಗೆ ಅಷ್ಟು ಸಾಕು. ಸೈಟಿಂದ ಬರುವಾಗ ದಾರಿಯುದ್ದಕ್ಕೂ ಅದನ್ನೇ ಯೋಚನೆ ಮಾಡ್ತಾ ಬರ್ತೇನೆ ನಾನು. ಈಗ ಬೈಯುದಿದ್ರೆ ಬೈಯಿರಿ."

ಇವನನ್ನು ಸುಮ್ಮನೆ ಬಿಟ್ಟರೆ ಈಗಲೇ ಒಂದನ್ನು ಒತ್ತಿಬಿಡುತ್ತಾನೆ. ಅದನ್ನು ತಪ್ಪಿಸಲು ಅವಳಲ್ಲಿ ಒಂದೇ ಮಾತಿತ್ತು. ಅದನ್ನು ಹೇಳಿದ ಮೇಲೆ ಮುಚ್ಚಿಡಲು ಏನೂ ಉಳಿಯುತ್ತಿರಲಿಲ್ಲ.

"ಒಂದು ತಗೊಂಡ್ರೆ ನಿಮ್ಮ ಮಾರ್ಕ್ಸ್ ಹಾಕೋದು ನಾನು," ಎಂದಳು. "ಮಾರ್ಕ್ಸ್ ಹಾಕೋರ ಜೊತೆ ನಾನು ಚಹಾ ಕುಡಿಯೋ ಹಾಗಿಲ್ಲ. ಎಲ್ಲೂ ಹೋಗೋ ಹಾಗಿಲ್ಲ. ನಿಯಮ. ಅದಕ್ಕೇ ನಾನು ಹೆದರಿ ಒಂದು ತಗೊಳ್ಳಿ ಅಂದೆ."

"ಚಹಾ ಕುಡಿಯೋ ಹಾಗಿಲ್ಲ ಅಂತ ಹೆದರಿ ಒಂದು ತಗೊಳ್ಳಿ ಅಂದ್ರಾ? ಎಂಥ ಲೆಕ್ಕ ಇದು?"

"ಎರಡು ತಗೊಳ್ಳಿ ಅಂತ ನನ್ನ ಮನಸ್ಸು ಹೇಳ್ತಿತ್ತು. ನಿಮಗೋಸ್ಕರ ಹೇಳ್ತಿದೆಯೋ ನನಗೋಸ್ಕರ ಹೇಳ್ತಿದೆಯೋ ಗೊತ್ತಾಗ್ಲಿಲ್ಲ. ಅದಕ್ಕೆ ಅದರ ಬಾಯಿ ಮುಚ್ಚಿಸಿ ಉಲ್ಟಾ ಹೇಳ್ದೆ. ಸಾಕಾ?" ಅವಳಿಗೆ ಅಳುವೂ ನಗುವೂ ಒಟ್ಟಿಗೇ ಬಂತು. "ನನಗೆ ನೀವು ಇಷ್ಟ ರಿತೇಶ್. ನೀವು ಆ ಬಟನ್ ಒತ್ತಿದ್ರೆ ನಾನದನ್ನ ಹೇಳೋ ಹಾಗೂ ಇಲ್ಲ."

ರಿತೇಶ್ ಮೊಬೈಲು ನೋಡಿದ. ಅವಳನ್ನು ನೋಡಿದ. ಈ ಸಲ ತುಟಿಯನ್ನು ಒಳಗೆಳೆದುಕೊಳ್ಳಲಿಲ್ಲ. ಮುಖದ ತುಂಬ ನಕ್ಕ.

"ಒಂದು ತಗೊಂಡ್ರೆ ವಾರಕ್ಕೆ ಮೂರು ದಿನ. ಎರಡು ತಗೊಂಡ್ರೆ?"

"ಎರಡು ತಗೊಂಡ್ರೆ," ಎಂದು ಅವಳು ತಲೆ ತಗ್ಗಿಸಿದಳು, "ದಿನಾ."

ಕ್ಯಾಲ್ಕುಲಸ್ ಎರಡಕ್ಕೆ ಇಷ್ಟು ಅವಸರದಿಂದ ಹೆಸರು ನೋಂದಾಯಿಸಿದ ವಿದ್ಯಾರ್ಥಿಯನ್ನು ಆ ಯೂನಿವರ್ಸಿಟಿ ಅದುವರೆಗೆ ಕಂಡಿರಲಿಕ್ಕಿಲ್ಲ. ಅವನು ಬಟನ್ ಒತ್ತಿ, ಸರಿಯಾಗಿ ಬಿತ್ತಾ ಎಂದು ಪರೀಕ್ಷಿಸಿ, ಪರದೆಯನ್ನು ಅವಳಿಗೂ ತೋರಿಸಿದ. ತೋರಿಸುವ ನೆಪದಲ್ಲಿ ಹತ್ತಿರ ಬಂದವನು ಅಲ್ಲೇ ನಿಂತ. ಅವನ ಬೆರಳು ಅವಳ ಬೆರಳಿಗೆ ತಾಗಿತು. ಇಬ್ಬರೂ ತೆಗೆಯಲಿಲ್ಲ.

"ನಂಗೂ ಇಷ್ಟ," ಎಂದ ಮೆಲ್ಲಗೆ. "ತುಂಬ. ಹೇಳ್ಲಿಕ್ಕೆ ಬಾಯಿ ಬರ್ತಾ ಇರ್ಲಿಲ್ಲ."

"ಇಷ್ಟೆಲ್ಲ ಮಾತಾಡೋರಿಗಾ?"

"ಅದೆಲ್ಲ ಹೆದರಿಕೆಗೆ ಆಡಿದ್ದು." ಅವನು ಒಂದು ಕ್ಷಣ ಯೋಚಿಸಿದ. ಮುಖದಲ್ಲಿ ನಿಜವಾದ ಚಿಂತೆಯೊಂದು ಮೂಡಿತು. "ಅಲ್ಲ ಮೇಡಂ, ಸಿ ಗ್ರೇಡ್ ಬರ್ಬೇಕಲ್ಲ. ಎರಡರಲ್ಲಿ ಲೆಕ್ಕ ಅರ್ಥ ಆಗದಿದ್ರೆ ಯಾರನ್ನು ಕೇಳುದು?"

"ಕೆನೆತ್ ಸರ್‌ನ ಕೇಳಿ," ಎಂದಳು ರಶ್ಮಿತಾ. "ನನ್ನ ಹತ್ರ ಬೇರೆ ಏನಾದ್ರೂ ಮಾತಾಡಿ."